ಈ ವಾರದ ಹಾಡು: ‘ಹೋಲ್ಡಿಂಗ್ ಬ್ಯಾಕ್ ದ ಇಯರ್ಸ್’

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಈ ವಾರ ಕೇಳಿ ಚರ್ಚಿಸಲು ಬ್ರಿಟನ್ನಿನ ಸಿಂಪ್ಲಿ ರೆಡ್ ತಂಡದ ‘ಹೋಲ್ಡಿಂಗ್ ಬ್ಯಾಕ್ ದ ಇಯರ್ಸ್’ ಗೀತೆಯನ್ನು ಆರಿಸಲಾಗಿದೆ. ತಂಡದ ಗಾಯಕ, ಮ್ಯಾಂಚೆಸ್ಟರಿನ ಮಿಕ್ ಹಕ್ನಾಲ್ ಇದನ್ನು ಹದಿಹರೆಯದಲ್ಲೇ ಬರೆದಿದ್ದರು. ಅವರಿಗೆ ಮೂರು ವರ್ಷವಿದ್ದಾಗ ತಾಯಿ ಮನೆ ಬಿಟ್ಟುಹೋದ ನೋವು ಹಾಡಿನ ತಳದಲ್ಲಿದೆ. ಅವರ ಹಿಂದಿನ ಪಂಕ್ (ಒರಟು, ವೇಗದ ರಾಕ್ ಶೈಲಿ) ತಂಡ ಫ್ರಾಂಟಿಕ್ ಎಲಿವೇಟರ್ಸ್ 1982ರಲ್ಲಿ ಇದನ್ನು ಹೊರತಂದಾಗ ಹೆಚ್ಚಿನವರು ಗಮನಿಸಲಿಲ್ಲ. 1985ರಲ್ಲಿ ‘ಪಿಕ್ಚರ್ ಬುಕ್’ ಆಲ್ಬಂನಿಂದ ಸಿಂಗಲ್ (ಬಿಡಿ ಹಾಡು) ಆಗಿ ಬಂದಾಗಲೂ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 51ನೇ ಸ್ಥಾನ ದಾಟಲಾಗದ ಈ ಹಾಡು, ಮರುವರ್ಷ ಮತ್ತೆ ಬಿಡುಗಡೆಯಾಗಿ ಅಲ್ಲಿ ಎರಡನೇ ಸ್ಥಾನಕ್ಕೂ, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಏರಿತು.

ದಯವಿಟ್ಟು ಇಯರ್‌ಫೋನ್ ಹಾಕಿಕೊಂಡೇ ಕೇಳಿರಿ, ಏಕೆಂದರೆ ಕೊಳವೆಯ ಬಾಯಿಗೆ ಮ್ಯೂಟ್ (ದನಿ ತಗ್ಗಿಸುವ ಸಾಧನ) ಹಾಕಿ ನುಡಿಸಿದ ಟ್ರಂಪೆಟ್ಟಿನ ಅಡಗಿದ ದನಿ ಫೋನಿನ ಸ್ಪೀಕರಿನಲ್ಲಿ ಕಳೆದುಹೋಗುತ್ತದೆ. ಬಹುಪಾಲು ಗೀತೆಯನ್ನು ಹಕ್ನಾಲ್ ದನಿಯನ್ನು ತಡೆಹಿಡಿದು ಹಾಡುತ್ತಾರೆ. ಕೊನೆಯಲ್ಲಿ ಪಲ್ಲವಿಯ ಸಾಲನ್ನು ಮತ್ತೆ ಮತ್ತೆ ಎತ್ತಿಕೊಳ್ಳುವಾಗ ಮಾತ್ರ ಕಂಠ ಪೂರ್ತಿ ಬಿಚ್ಚಿಕೊಳ್ಳುತ್ತದೆ. ನನ್ನ ಮಟ್ಟಿಗೆ ಹಾಡಿನ ಜೀವ ಅಲ್ಲೇ ಇದೆ, ಒಪ್ಪದವರು ಧಾರಾಳವಾಗಿ ವಾದಿಸಬಹುದು. ಸಾಧ್ಯವಾದರೆ 1982ರ ಒರಟು ಧ್ವನಿಮುದ್ರಣವನ್ನೂ ಕೇಳಿ, ಎರಡರ ಬಗೆಗಿನ ಅಭಿಪ್ರಾಯವನ್ನು ಭಾನುವಾರ ರಾತ್ರಿಯೊಳಗೆ ಇಲ್ಲಿಯೇ ಬರೆಯಬೇಕಾಗಿ ಕೋರಿಕೆ. ಬರಿಯ ಹೆಬ್ಬೆರಳಿನ ಚಿಹ್ನೆ ಸಾಲದು.