ಪುಟ್ಟಿಗೆ, ನೀಲಿ ಇಂಕು ತಗೊಳೋ ಮುಂಚೆ

ಪುಟ್ಟಿ,

ನೀನು ಫೌಂಟೇನ್ ಪೆನ್ ತಗೊಂಡಿದ್ದು ನಿಮ್ಮಪ್ಪ ಹೇಳ್ದ, ತುಂಬಾ ಖುಷಿ ಆಯ್ತು. ಆದ್ರೆ ಫೋನಲ್ಲಿ ಫೋಟೋ ನೋಡಿ ನೀಲಿ ಆರಿಸ್ಬೇಡ ಕಣಮ್ಮ, ಫೋಟೋ ತೆಗೆದವರ ಕ್ಯಾಮೆರಾದ ನೀಲಿ ಒಂದು, ನಿನ್ನ ಸ್ಕ್ರೀನ್ ತೋರ್ಸೋದು ಇನ್ನೊಂದು, ಕೊನೆಗೆ ನಿನ್ನ ಪೇಪರ್ ಮೇಲೆ ಬರೋದೇ ಬೇರೆ.

ಏನು ಬರೆಯೋಕೆ ಅನ್ನೋದು ಮೊದ್ಲು ಯೋಚ್ನೆ ಮಾಡು. ಕಾಲೇಜ್ ನೋಟ್ಸಿಗೆ ಕ್ಯಾಮ್ಲಿನ್ನೋ ಬ್ರಿಲ್ಲೋ ರಾಯಲ್ ಬ್ಲೂ ಧಾರಾಳ ಸಾಕು. ಪೆಲಿಕಾನ್ 4001 ರಾಯಲ್ ಬ್ಲೂ ಸ್ವಲ್ಪ ನೇರಳೆ ಕಡೆ ವಾಲುತ್ತೆ, ಜರ್ಮನಿ ಮಕ್ಕಳು ಸ್ಕೂಲಲ್ಲಿ ಇಂಥ ಇಂಕಲ್ಲೇ ಬರ್ದು ತಪ್ಪಾದ್ರೆ ಅಳಿಸೋ ಪೆನ್ನಲ್ಲಿ ಅಳಿಸ್ತಾರೆ, ಬಟ್ಟೆ ಮೇಲೆ ಬಿದ್ರೂ ತೊಳೆದ್ರೆ ಹೆಚ್ಚುಕಮ್ಮಿ ಹೋಗುತ್ತೆ. ಬಟ್ಟೆಯಿಂದ ಹೋಗೋ ಬಣ್ಣ ಪೇಪರಿಂದಾನೂ ಹೋಗುತ್ತೆ, ಒಂದು ಹನಿ ನೀರು ಬಿದ್ರೆ ಅಕ್ಷರ ಕದಡುತ್ತೆ, ಬಿಸಿಲಿಗೆ ಮಾಸುತ್ತೆ. ಪೈಲಟ್ ಇರೋಶಿಝುಕು ಕೊನ್-ಪೆಕಿ ಅಂತ ಒಂದಿದೆ, ಮಳೆ ಬಿಟ್ಟ ಮೇಲಿನ ಆಕಾಶದ ನೀಲಿ, ಕಣ್ಣಿಗೆ ಹಬ್ಬ, ಆದ್ರೆ ದುಬಾರಿ, ಅದು ಆಮೇಲೆ.

ಡೈರಿ ಬರೀತೀನಿ ಅಂದಿದ್ಯಲ್ಲ, ಅದಕ್ಕೆ ಕಬ್ಬಿಣ ಸೇರಿರೋ ಬ್ಲೂ-ಬ್ಲಾಕೇ ತಗೋ. ಅಜ್ಜಿ ಮಕ್ಕಳಿಗೆ ತೇಯ್ದು ಹಾಕ್ತಿದ್ಲಲ್ಲ ಮಾಚಿಕಾಯಿ, ಅದರ ಒಗರಿಗೆ ಅನ್ನಭೇದಿ, ಅಂದ್ರೆ ಕಬ್ಬಿಣದ ಲವಣ, ಸೇರಿಸಿ ಮಾಡ್ತಿದ್ದ ಹಳೇ ಮಸಿಯ ಜಾತಿ ಅದು. ಬರೆಯುವಾಗ ಅಕ್ಷರ ಕಾಣ್ಲಿ ಅಂತ ನೀಲಿ ಬಣ್ಣ ಹಾಕಿರ್ತಾರೆ, ಗಾಳಿ ತಾಗ್ತಾ ತಾಗ್ತಾ ಒಳಗಿನ ಕಬ್ಬಿಣ ಕಪ್ಪಾಗುತ್ತೆ, ಆಮೇಲೆ ನೀರು ಬಿದ್ದು ನೀಲಿ ಕೊಚ್ಚಿ ಹೋದ್ರೂ ಕಪ್ಪು ಗೆರೆ ಪೇಪರಲ್ಲೇ ಕಚ್ಕೊಂಡಿರುತ್ತೆ. ಇಂಗ್ಲೆಂಡಲ್ಲಿ ಜನನ, ಮದುವೆ ರಿಜಿಸ್ಟರಿಗೆ ಇಂಥದ್ದೇ ಬಳಸಿದ್ದು. ಪೆಲಿಕಾನ್ ಬ್ಲೂ-ಬ್ಲಾಕ್, ಪ್ಲಾಟಿನಂ ಬ್ಲೂ-ಬ್ಲಾಕ್ ಎರಡೂ ಇದೇ ಥರ. ಆದ್ರೆ ಹೆಸ್ರು ನೋಡಿ ಮೋಸ ಹೋಗ್ಬೇಡ, ಈಗಿನ ಪಾರ್ಕರ್ ಕ್ವಿಂಕ್ ಬ್ಲೂ-ಬ್ಲಾಕಲ್ಲಿ ಕಬ್ಬಿಣ ಇಲ್ಲ.

ಹೋಲಿಸಿ ನೋಡೋದಾದ್ರೆ ಒಂದೇ ಪೆನ್ನು, ಒಂದೇ ಪೇಪರು. ದಪ್ಪ ನಿಬ್ಬಲ್ಲಿ ಇಂಕು ಜಾಸ್ತಿ ಇಳಿದು ನೀಲಿ ಗಾಢ ಆಗುತ್ತೆ, ಸಣ್ಣ ನಿಬ್ಬಲ್ಲಿ ಅದೇ ಇಂಕು ತೆಳುವಾಗಿ ಕಾಣುತ್ತೆ, ಹಂಗಾಗಿ ಪೆನ್ನು ಬದಲಾದ್ರೆ ಹೋಲಿಕೆಗೇ ಅರ್ಥ ಇಲ್ಲ. ಒದ್ದೆ ಇದ್ದಾಗ ಎಲ್ಲಾ ನೀಲಿನೂ ಚೆಂದ, ಮಾರನೇ ದಿನ ಕಿಟಕಿ ಬೆಳಕಲ್ಲಿ ನೋಡು, ಟ್ಯೂಬ್‌ಲೈಟಲ್ಲಿ ಬೇಡ. ಅದೇ ಹಾಳೇಲಿ ಒಂದು ಸಾಲಿನ ಮೇಲೆ ನೀರು ಹನಿಸು, ಇನ್ನೊಂದು ಸಾಲಿಗೆ ಅರ್ಧ ರಟ್ಟು ಮುಚ್ಚಿ ಕೆಲವು ವಾರ ಬಿಸಿಲಿಗೆ ಇಡು, ಯಾವುದು ಉಳಿಯುತ್ತೆ ನಿಂಗೇ ಗೊತ್ತಾಗುತ್ತೆ.

ಕಬ್ಬಿಣದ ಇಂಕು ಪೆನ್ನಲ್ಲಿ ಒಣಗೋಕೆ ಮಾತ್ರ ಬಿಡ್ಬೇಡ. ಬರೆಯೋದು ನಿಲ್ಸಿದ್ರೆ ತಣ್ಣೀರಲ್ಲಿ ತೊಳ್ದಿಡು, ಬೇರೆ ಇಂಕು ತುಂಬೋ ಮುಂಚೆನೂ ನೀರು ತಿಳಿಯಾಗೋವರೆಗೂ ತೊಳಿ. ಮೊದಲ್ನೇ ಬಾಟ್ಲಿ ದುಡ್ಡು ನಾನೇ ಕಳಿಸ್ತೀನಿ, ಯಾವ್ದು ಅಂತ ಹೇಳು.

ನಿನ್ನ ದೊಡ್ಡಪ್ಪ