ಹಳೆಯ ಬಾಕ್ಸ್ ಗೇಮ್‌ಗಳಿಗೆ ಇನ್ನು ಒಂದೇ ರೇಟ್ ಇರುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಕಿನಿಂದ ಹಳೆಯ ಪಿಸಿ ಗೇಮ್‌ಗಳ ರಟ್ಟಿನ ಬಾಕ್ಸ್‌ಗಳಿಗೆ ಒಂದೇ ರೇಟ್ ಇರುವುದಿಲ್ಲ. ಒಂದೊಂದನ್ನೂ ನೋಡಿ, ಅದರ ಸ್ಥಿತಿಗೆ ತಕ್ಕ ಬೆಲೆ ಹಾಕುತ್ತೇವೆ. ಯಾವುದು ಎತ್ತಿಕೊಂಡರೂ ಅಷ್ಟೇ ಅಂತ ನಂಬಿಕೊಂಡು ಬರುತ್ತಿದ್ದವರಿಗೆ ಇದರಿಂದ ಬೇಜಾರಾಗುತ್ತದೆ. ಕ್ಷಮಿಸಿ. ಆದರೆ ಏನೂ ಹೇಳದೆ ರೇಟ್ ಬೋರ್ಡ್ ಬದಲಿಸಿ ಸುಮ್ನೆ ಕೂರುವುದು ನಮಗೆ ಸರಿ ಕಾಣಲಿಲ್ಲ.

ಮಾತು ಬೆಳೆದದ್ದು ಸಿಸ್ಟಮ್ ಶಾಕ್ 2 ಎಂಬ ಹಳೇ ಗೇಮಿನ ಬಾಕ್ಸಿನ ಮೇಲಿನ ಬೆಲೆ ಚೀಟಿಯಿಂದ. ಗಾಜಿನ ಕಪಾಟಿನ ಮುಂದೆ ನಿಂತವರೆಲ್ಲ ಕೇಳುವುದು ಒಂದೇ. "ಇದೇ ಗೇಮ್ ಆನ್‌ಲೈನ್ ಸೇಲಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತೆ. ನೀವು ಇಷ್ಟು ಹೇಳೋದು ಸುಲಿಗೆ ಅಲ್ವಾ?"

ಸಿಗುತ್ತದೆ, ನಿಜ. ಬರೀ ಆಡುವುದಾದರೆ ಅಲ್ಲೇ ಕೊಳ್ಳಿ. ಕೇಳಿದವರಿಗೆಲ್ಲ ನಾವು ಹೀಗೇ ಹೇಳಿದ್ದೇವೆ. 2025ರ ಜೂನ್‌ನಲ್ಲಿ ಇದರ ರೀಮಾಸ್ಟರ್, ಅಂದರೆ ತಿದ್ದಿ ಹೊಸದು ಮಾಡಿದ ಆವೃತ್ತಿ ಬಂದಿದೆ, ಅದನ್ನು ಈಗಿನ ಕಂಪ್ಯೂಟರ್‌ಗಳಿಗೆಂದೇ ಮಾಡಿದ್ದಾರೆ. ನಮ್ಮ ಕಪಾಟಿನ ಡಿಸ್ಕ್ 1999ರದು, ವಿಂಡೋಸ್ 95, 98ರ ಕಾಲದ್ದು. ಅದನ್ನು ಇವತ್ತು ಓಡಿಸುವುದೇ ಒಂದು ಸಾಹಸ.

ಆದರೂ ಜನ ಅದನ್ನು ಹುಡುಕುತ್ತಾರೆ. ಯಾಕೆ ಅಂತ ಗೊತ್ತಾಗಬೇಕಾದರೆ ಆ ಗೇಮಿಗೆ ಆದದ್ದು ಗೊತ್ತಿರಬೇಕು. ಅದರ ಕಥೆಯಲ್ಲಿ, ಫಾನ್ ಬ್ರಾನ್ ಎಂಬ ಅಂತರಿಕ್ಷ ನೌಕೆಯಲ್ಲಿ ನೀವು ಒಬ್ಬರೇ. ಜೊತೆಯವರ ಮೈಯನ್ನು ಹುಳುಗಳು ಆಕ್ರಮಿಸಿವೆ. ಕಿವಿಯಲ್ಲಿ ಷೋಡಾನ್ ಎಂಬ ಯಂತ್ರದ ದನಿ. ವಿಮರ್ಶಕರು ಹೊಗಳಿದರು, ಮಾರಾಟ ಮಾತ್ರ ಅಷ್ಟಾಗಿ ಆಗಲಿಲ್ಲ. ಹಾಗಾಗಿ ಜನರ ಮನೆ ಸೇರಿದ ಬಾಕ್ಸ್‌ಗಳೇ ಕಮ್ಮಿ. ಇರ‍್ರ್ಯಾಷನಲ್ ಎಂಬ ಕಂಪನಿಯ ಜೊತೆ ಸೇರಿ ಇದನ್ನು ಮಾಡಿದ ಲುಕಿಂಗ್ ಗ್ಲಾಸ್ ಸ್ಟುಡಿಯೋ 2000ದಲ್ಲಿ ಮುಚ್ಚಿತು. ಗೇಮಿನ ಹಕ್ಕು ಹೋಗಿ ಒಂದು ವಿಮಾ ಕಂಪನಿಯ ಕೈ ಸೇರಿತು. ವರ್ಷಗಟ್ಟಲೆ ಹೊಸ ಪ್ರತಿ ಬರಲೇ ಇಲ್ಲ. ನ್ಯಾಯವಾಗಿ ಆಡಬೇಕೆಂದರೆ ಯಾರದೋ ಹಳೇ ಡಿಸ್ಕೇ ಗತಿ. ಬೆಲೆ ಏರಿದ್ದು ಆಗ. ಆಮೇಲೆ ಹಳೇ ಗೇಮ್‌ಗಳನ್ನು ಮತ್ತೆ ತರುವ ನೈಟ್‌ಡೈವ್‌ನವರು ಆ ವಿಮಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. 2013ರಲ್ಲಿ ಗೇಮ್ ಡೌನ್‌ಲೋಡ್‌ಗೆ ಬಂತು.

ಅಲ್ಲಿಗೆ ಆಡುವವರಿಗೆ ಡಿಸ್ಕ್ ಬೇಕಿಲ್ಲದಾಯಿತು. ಉಳಿದವರು ಸಂಗ್ರಹಕಾರರು. ಅವರಿಗೆ ಬಾಕ್ಸ್, ಮ್ಯಾನುಯಲ್, ಕೇಸ್ ಎಲ್ಲ ಬೇಕು, ಮೂಲೆ ಮುಕ್ಕಾಗಿರಬಾರದು. ಹಾಗಾಗಿ ಎಲ್ಲ ಇರುವ ಕಂಪ್ಲೀಟ್ ಬಾಕ್ಸಿಗೂ ಬಾಕ್ಸಿಲ್ಲದ ಲೂಸ್ ಡಿಸ್ಕಿಗೂ ಅಜಗಜಾಂತರ. ಎರಡಕ್ಕೂ ಒಂದೇ ರೇಟ್ ಇಟ್ಟರೆ ಪೆಟ್ಟು ಬೀಳುವುದು ಹರಿದ ಬಾಕ್ಸ್ ಕೊಂಡವರಿಗೆ. ಹೊಸ ಪಟ್ಟಿಯಲ್ಲಿ ಲೂಸ್ ಡಿಸ್ಕ್‌ಗಳು ಅಗ್ಗವಾಗಿವೆ, ದಯವಿಟ್ಟು ಅದನ್ನೂ ನೋಡಿ. ಇನ್ನೊಂದು ಮಾತು. ಹೊರದೇಶದ ಯಾರೋ ಬಾಯಿಗೆ ಬಂದಷ್ಟು ಕೇಳಿದ ಬೆಲೆಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಜವಾಗಿ ಮಾರಾಟವಾದ ಬೆಲೆಯನ್ನೇ ನೋಡುತ್ತೇವೆ.

ಈಗ ಖರ್ಚಿನ ವಿಷಯ. "ಪೆಟ್ಟಿಗೆ ಕಪಾಟಿನಲ್ಲಿ ತಾನೇ ಇರುತ್ತೆ, ಅದಕ್ಕೇನು ಖರ್ಚು" ಅನ್ನುವವರು ಒಮ್ಮೆ ಜುಲೈ ತಿಂಗಳಲ್ಲಿ ಕಾರವಾರದಲ್ಲಿ ರಟ್ಟು ಇಟ್ಟು ನೋಡಬೇಕು. ಮಳೆಗಾಲದ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಮೂಲೆ ಉಬ್ಬಿ ಪದರ ಬಿಡುತ್ತದೆ. ಉಪ್ಪುಗಾಳಿಗೆ ಮ್ಯಾನುಯಲ್ಲಿನ ಪಿನ್ ತುಕ್ಕು ಹಿಡಿದು, ನಡುವಿನ ಹಾಳೆಗೆ ಕಂದು ಕಲೆ ಇಳಿಯುತ್ತದೆ. ಡಿಸ್ಕಿನ ಹೆಸರಿರುವ ಬದಿಯಲ್ಲಿ ಗೀರು ಬಿದ್ದರೆ ಒಳಗಿನ ಅಲ್ಯುಮಿನಿಯಂ ಪದರಕ್ಕೆ ತೇವ ಸೇರುತ್ತದೆ. ಟ್ಯೂಬ್‌ಲೈಟಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ. ಹಾಗಾದ ಡಿಸ್ಕ್ ಮತ್ತೆ ಸರಿಯಾಗುವುದಿಲ್ಲ.

ಅದಕ್ಕೇ ಹಿಂದಿನ ಕೋಣೆಯಲ್ಲಿ ತೇವ ಹೀರುವ ಮಷಿನ್ ಮಳೆಗಾಲವಿಡೀ ಹಗಲೂ ರಾತ್ರಿ ಓಡುತ್ತದೆ. ಬೆಳಿಗ್ಗೆ ಸಂಜೆ ಅದರ ನೀರು ಚೆಲ್ಲಬೇಕು. ಕರೆಂಟ್ ಹೋದರೆ ಇನ್ವರ್ಟರ್. ಬಿಲ್ ಬಂದಾಗ ಎದೆ ಧಸಕ್ಕೆನ್ನುತ್ತದೆ. ಹೊರಗಿನಿಂದ ತರಿಸಿದ ಬಾಕ್ಸಿಗೆ ಕಸ್ಟಮ್ಸ್ ಸುಂಕ, ಅದರ ಮೇಲೆ ಜಿಎಸ್‌ಟಿ. ಒಳಗಿರುವುದು ಒಂದು ಡಿಸ್ಕ್, ಒಂದು ಪುಸ್ತಕ. ತೂಕವೇ ಇಲ್ಲ. ಆದರೆ ಕೊರಿಯರ್‌ನವರು ದುಡ್ಡು ಹಾಕುವುದು ಬಾಕ್ಸಿನ ಅಳತೆಗೆ. ಇಷ್ಟೆಲ್ಲ ಆದ ಮೇಲೂ ಸುಲಿಗೆ ಅನ್ನಿಸಿಕೊಳ್ಳುವಾಗ ನೋವಾಗುತ್ತದೆ.

ನೌಕಾನೆಲೆ ಸೀಬರ್ಡ್‌ನಿಂದ ವರ್ಗವಾಗಿ ಹೋಗುವವರ ಹತ್ತಿರ, ಕೈಗಾ ಅಣುಸ್ಥಾವರದ ಕಾಲೊನಿಯವರ ಹತ್ತಿರ ಹಳೇ ಬಾಕ್ಸ್ ಪುಕ್ಕಟೆ ಎತ್ತಿಕೊಂಡು ಬರುತ್ತೇವೆ ಅನ್ನುವ ಮಾತೂ ಕಿವಿಗೆ ಬಿದ್ದಿದೆ. ಅದು ಸುಳ್ಳು. ಕೊಳ್ಳುವಾಗಲೂ ಇದೇ ಪಟ್ಟಿ ಅನ್ವಯಿಸುತ್ತದೆ. ಕೌಂಟರಿನ ಮೇಲೆ ಇಟ್ಟಿರುತ್ತೇವೆ, ಯಾರು ಬೇಕಾದರೂ ಓದಿ.

ಇನ್ನು ಮುಂದೆ ಪ್ರತಿ ಬಾಕ್ಸಿನ ಜೊತೆ ಒಂದು ಚೀಟಿ ಇರುತ್ತದೆ. ರಟ್ಟು ಹೇಗಿದೆ, ಡಿಸ್ಕ್ ಹೇಗಿದೆ, ಮ್ಯಾನುಯಲ್ ಮೂಲದ್ದೇ ಅಥವಾ ಮರುಮುದ್ರಣವೇ, ಎಲ್ಲ ಬರೆದಿರುತ್ತೇವೆ. ಸೀಲ್ ಆಗಿರುವ ಬಾಕ್ಸ್‌ಗಳನ್ನು ನಾವು ತೆಗೆದುಕೊಳ್ಳುವುದಿಲ್ಲ. ಹಳೇ ಬಾಕ್ಸಿಗೆ ಹೊಸ ಪ್ಲಾಸ್ಟಿಕ್ ಸುತ್ತಿ ಕೊಡುವವರು ಜಾಸ್ತಿಯಾಗಿದ್ದಾರೆ, ಒಡೆಯದೆ ಒಳಗೇನಿದೆ ಅಂತ ನಾವು ನಿಮಗೆ ಮಾತು ಕೊಡಲಾರೆವು. ಉಳಿದ ಯಾವ ಬಾಕ್ಸನ್ನಾದರೂ ಕೊಳ್ಳುವ ಮೊದಲು ತೆರೆದು ನೋಡಿ, ಡಿಸ್ಕನ್ನು ನೀವೇ ಬೆಳಕಿಗೆ ಹಿಡಿದು ನೋಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಟ್ಟಿನ ಬಾಕ್ಸ್‌ಗಳನ್ನು ಕೊರಿಯರ್ ಮಾಡುವುದಿಲ್ಲ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ನಿಂತಾಗ ಕುಮಟೆಗೆ ಹೊರಟ ನಮ್ಮ ಪಾರ್ಸೆಲ್‌ಗಳು ದಾರಿಯಲ್ಲೇ ನೆನೆದವು. ಜೀವಗಳೇ ಹೋದ ಆ ಹೊತ್ತಿನಲ್ಲಿ ನಾವು ಆ ಮಾತೆತ್ತಲಿಲ್ಲ. ಆದರೆ ಮತ್ತೊಮ್ಮೆ ಹಾಗೆ ಕಳಿಸುವ ಧೈರ್ಯ ಇಲ್ಲ. ಅಂಕೋಲೆ, ಕುಮಟೆ, ಶಿರಸಿಯವರು ಕೊಂಡದ್ದನ್ನು ಮಳೆ ಮುಗಿಯುವವರೆಗೆ ಮಷಿನ್ ಕೋಣೆಯಲ್ಲೇ ಇಟ್ಟುಕೊಳ್ಳುತ್ತೇವೆ. ಅದಕ್ಕೆ ಬಾಡಿಗೆ ಇಲ್ಲ.

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಡಿಸ್ಕ್‌ಗಳ ದರ ಹಾಗೇ ಇದೆ. ಈಗಾಗಲೇ ಮುಂಗಡ ಕೊಟ್ಟು ಹೆಸರು ಬರೆಸಿದವರಿಗೆ ಹಳೇ ರೇಟೇ. ನಿಮ್ಮ ಬಾಕ್ಸ್‌ಗಳನ್ನು ಬೇರೆ ಎತ್ತಿಟ್ಟಿದ್ದೇವೆ, ಮೇ ಕೊನೆಯೊಳಗೆ ಬಂದು ಒಯ್ಯಿರಿ.

ನಿಮ್ಮ ಅಂಗಡಿಯವರು,
ಕಾರವಾರ