ಮೆಲ್ಲಗೆ ಗುದ್ದಿದ ಕಾರು, 24 ದಿನದ ನೋವು: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಗೃಹ ಸಚಿವರಿಗೆ ನಮಸ್ಕಾರ.

ನಾನು ಬೆಂಗಳೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿದು ಜೀವನ ಮಾಡುವವಳು. ಹೋದ ವರ್ಷ ಒಂದು ಸಂಜೆ ಮೈಸೂರು ರಸ್ತೆಯ ಸಿಗ್ನಲ್‌ನಲ್ಲಿ ನಾನು ಕೂತಿದ್ದ ಆಟೋಗೆ ಹಿಂದಿನಿಂದ ಕಾರೊಂದು ಗುದ್ದಿತು. ವೇಗ ಏನೂ ಇರಲಿಲ್ಲ, ಸೈಕಲ್ ತುಳಿಯುವಷ್ಟು ಅಷ್ಟೇ. ಬಂಪರ್ ಮೇಲೆ ಒಂದು ಗೀರು. ಕಾರಿನವರು ಆಟೋ ಅಣ್ಣನ ಕೈಗೆ ಎರಡು ಸಾವಿರ ಕೊಟ್ಟರು. ಹಿಂದೆಲ್ಲ ಹಾರ್ನ್ ಗಲಾಟೆ. ಅಲ್ಲಿದ್ದ ಪೊಲೀಸರು, "ನಿಮಗೇನೂ ಆಗಿಲ್ವಲ್ಲಮ್ಮ? ಸರಿ, ಹೊರಡಿ" ಎಂದರು. ನಾನೂ "ಏನಿಲ್ಲ ಸಾರ್" ಎಂದೆ. ಆಗ ನಿಜವಾಗಿಯೂ ಏನೂ ಅನಿಸಿರಲಿಲ್ಲ.

ಮರುದಿನ ಬೆಳಿಗ್ಗೆ ದಿಂಬಿನಿಂದ ತಲೆ ಎತ್ತಲು ಆಗಲಿಲ್ಲ. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಎದ್ದೆ. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿತ್ತು. ಡಾಕ್ಟರ್ ಕತ್ತಿಗೆ ಪಟ್ಟಿ ಹಾಕಿ, ಏನಾಗಿದೆ ಅಂತ ವಿವರಿಸಿ ಹೇಳಿದರು. ಹಿಂದಿನಿಂದ ಗುದ್ದಿದಾಗ ಸೀಟು ಮೈಯನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಮಾತ್ರ ಹಿಂದೆ ಉಳಿದು ಆಮೇಲೆ ಮುಂದಕ್ಕೆ ಜಗ್ಗುತ್ತದೆ. ಆ ಒಂದು ಕ್ಷಣದಲ್ಲಿ ಕತ್ತಿನ ಸ್ನಾಯು ಎಳೆದುಕೊಳ್ಳುತ್ತದೆ. ಅದು ಎಕ್ಸ್‌ರೇಗೆ ಕಾಣುವುದಿಲ್ಲ. ನೋವು ಎಷ್ಟೋ ಜನರಿಗೆ ಮರುದಿನವೇ ಶುರುವಾಗುವುದು. ಕಾರಿನಲ್ಲಾದರೆ ತಲೆಗೆ ಒಂದು ಒರಗು ಇರುತ್ತದೆ, ಆಟೋದಲ್ಲಿ ಎಲ್ಲಿ?

ನನ್ನದು ಕತ್ತು ಬಗ್ಗಿಸಿಯೇ ಮಾಡುವ ಕೆಲಸ. ಸೂಜಿಗೆ ದಾರ ಪೋಣಿಸಲು ಬಗ್ಗಿದರೆ ಭುಜದವರೆಗೆ ಚಳುಕು ಹೊಡೆಯುತ್ತಿತ್ತು. 24 ದಿನ ಮಷಿನ್ ಮುಟ್ಟಲಿಲ್ಲ. ಮದುವೆ ಸೀಸನ್ ಬೇರೆ. ಅಳತೆ ಚೀಟಿ ಚುಚ್ಚಿ, ಕತ್ತರಿಸಿಟ್ಟಿದ್ದ ಬಟ್ಟೆಗಳನ್ನು ಕಟ್ಟಿ ಪಕ್ಕದ ಬೀದಿಯ ಟೈಲರ್‌ಗೆ ಕೊಟ್ಟುಬಂದೆ.

ಸ್ಟೇಷನ್‌ಗೆ ಹೋದರೆ "ಆವತ್ತೇ ಯಾಕೆ ಹೇಳಲಿಲ್ಲ?" ಎಂದರು. ನಾಲ್ಕು ಸಲ ಅಲೆದ ಮೇಲೆ ಎಫ್‌ಐಆರ್ ಆಯಿತು. ಅದೂ ಆಟೋ ಅಣ್ಣ ಕಾರಿನ ನಂಬರ್ ಫೋಟೋ ತೆಗೆದಿಟ್ಟುಕೊಂಡಿದ್ದರಿಂದ. ಅವರು ಪುಣ್ಯಾತ್ಮರು. ಗಾಯ ಎಂಥದ್ದೆಂದು ಡಾಕ್ಟರ್ ಬರೆದುಕೊಡುವ ವೂಂಡ್ ಸರ್ಟಿಫಿಕೇಟ್‌ನಲ್ಲಿ ಮಾತ್ರ ಬಂದದ್ದು "ಸಾದಾ ಗಾಯ".

ಸ್ವಾಮಿ, ನನ್ನ ತಕರಾರು ಇರುವುದು ಇಲ್ಲೇ. ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್ ಓದಿಸಿಕೊಂಡೆ. ಮೂಳೆ ಮುರಿದರಷ್ಟೇ ಭಾರಿ ಗಾಯ ಅಂತ ಅದರಲ್ಲಿಲ್ಲ. ಗಾಯದಿಂದಾಗಿ 15 ದಿನ ತೀವ್ರ ನೋವು ತಿಂದರೂ, ದಿನನಿತ್ಯದ ಕೆಲಸ ಮಾಡಲಾಗದಿದ್ದರೂ ಅದು ಭಾರಿ ಗಾಯವೇ. ಹಳೆಯ ಐಪಿಸಿಯಲ್ಲಿ 20 ದಿನ ಇದ್ದದ್ದನ್ನು 15ಕ್ಕೆ ಇಳಿಸಿದ್ದಾರೆ. ಆದರೆ ನನ್ನ ಸರ್ಟಿಫಿಕೇಟ್ ಬರೆದದ್ದು ಮೊದಲ ದಿನದ ತಪಾಸಣೆ ನೋಡಿ. ಹದಿನೈದು ದಿನದ ನೋವು ಮೊದಲ ದಿನವೇ ಹೇಗೆ ಗೊತ್ತಾಗಬೇಕು? ಈ ಒಂದು ಪದದ ಮೇಲೆ ದುಡ್ಡು ನಿಂತಿದೆ. ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಭಾರಿ ಗಾಯವಾದರೆ ತಪ್ಪು ಯಾರದ್ದೆಂದು ಸಾಬೀತು ಮಾಡದೆಯೇ ಎರಡೂವರೆ ಲಕ್ಷ ಸಿಗುತ್ತದೆ. ಸಾದಾ ಗಾಯಕ್ಕೆ ಅದಿಲ್ಲ. ಅಪಘಾತದ ಪರಿಹಾರ ತೀರ್ಮಾನಿಸುವ ಟ್ರಿಬ್ಯೂನಲ್‌ನಲ್ಲಿ ಎದುರಿನವರ ತಪ್ಪು ತೋರಿಸಿಯೇ ಕೇಳಬೇಕು.

ಸುಳ್ಳು ಕ್ಲೇಮ್ ಹಾಕುವವರೂ ಇದ್ದಾರೆ, ಒಪ್ಪುತ್ತೇನೆ. ಇನ್ಶೂರೆನ್ಸ್‌ನವರು ಅನುಮಾನ ಪಡುವುದೂ ಅದಕ್ಕೇ. ಆವತ್ತೇ, ಅಲ್ಲೇ ಒಂದು ದಾಖಲೆ ಆಗಿದ್ದರೆ ಸುಳ್ಳು ಹೇಳುವವರಿಗೂ ಜಾಗ ಇರುತ್ತಿರಲಿಲ್ಲ ಅಲ್ವಾ?

ನಾನು ಕೇಳುವುದು ಜಾಸ್ತಿ ಏನಲ್ಲ. ರಸ್ತೆಯಲ್ಲೇ ರಾಜಿ ಆದರೂ ಸರಿ, ಎರಡೂ ಗಾಡಿಗಳ ನಂಬರ್, ಒಳಗಿದ್ದವರ ಹೆಸರು, ಹೊತ್ತು ಬರೆದು ಒಂದು ಚೀಟಿ ಕೊಡುವಂತೆ ಸಂಚಾರ ಪೊಲೀಸರಿಗೆ ಸುತ್ತೋಲೆ ಕಳಿಸಿ. ಗುದ್ದಿದ್ದು ಆಟೋಗಾದರೆ ಒಳಗಿದ್ದ ಪ್ರಯಾಣಿಕರನ್ನೂ ಮಾತಾಡಿಸಲಿ, ಬರೀ ಡ್ರೈವರ್‌ಗಳನ್ನಲ್ಲ. ಇನ್ನೊಂದು, ಆರೋಗ್ಯ ಸಚಿವರ ಜೊತೆ ಕೂತು ತೀರ್ಮಾನಿಸಬೇಕಾದದ್ದು: ಕತ್ತು, ಬೆನ್ನಿನ ನೋವು ಅಂತ ಬಂದವರನ್ನು 15 ದಿನದ ಮೇಲೆ ಮತ್ತೊಮ್ಮೆ ನೋಡಿ, ಆಮೇಲೆ ಗಾಯ ಸಾದಾನೋ ಭಾರಿಯೋ ಬರೆಯುವ ಹಾಗಾಗಲಿ. ತನಿಖಾಧಿಕಾರಿ ಆ ಎರಡನೆಯ ಅಭಿಪ್ರಾಯ ಬರುವವರೆಗೆ ಫೈಲ್ ಮುಗಿಸದಿರಲಿ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಬೆಂಗಳೂರಿನ ಒಬ್ಬ ಹೊಲಿಗೆ ಕೆಲಸದ ಹೆಂಗಸು